ಲೆಸಿಯೆಲಿ ಅತ್ತೆ ಪಾರ್ಕಿನಿಂದ ಮಧ್ಯಾಹ್ನವೇ ಯಾಕೆ ಬಂದರು?

ಶಾಲೆಗೆ ರಜೆ ಬಂತು ಅಂದರೆ ನಮ್ಮ ಲೋಗನ್ ಊರಿನ ಮನೆಮನೆಯಲ್ಲೂ ಒಂದೇ ರಾಗ. "ಅಮ್ಮಾ, ಪಾರ್ಕಿಗೆ ಯಾವಾಗ?" ಗೋಲ್ಡ್ ಕೋಸ್ಟಿನ ಥೀಮ್ ಪಾರ್ಕಿಗೆ ಹೋಗೋದು ಕಷ್ಟವೇ ಅಲ್ಲ, ಕಾರಲ್ಲಿ ಕೂತರೆ ಆಯ್ತು. ಕಷ್ಟ ಇರೋದು ಕಾರಿನಿಂದ ಇಳಿದ ಮೇಲೆ. ಗೇಟಿನ ತನಕ ನಡೆಯಬೇಕು, ಬಿಸಿಲಲ್ಲಿ ಸಾಲು ನಿಲ್ಲಬೇಕು, ಈ ಆಟದಿಂದ ಆ ಆಟಕ್ಕೆ ಮಕ್ಕಳ ಹಿಂದೆ ಓಡಬೇಕು. ಸಂಜೆ ವಾಪಸ್ ಬರುವಾಗ ದೊಡ್ಡವರ ಮುಖ ನೋಡಿದರೆ ಎಲ್ಲಾ ಗೊತ್ತಾಗುತ್ತೆ.

ನನ್ನ ಹೆಸರು ಫುಸಿ. ಗಂಡ ಕೆಲೆಪಿ ಲಾರಿ ಓಡಿಸುತ್ತಾನೆ. ಮಗಳು ಮೆಲೆನೈತೆಗೆ ಹನ್ನೆರಡು ವರ್ಷ. ಕೆಲೆಪಿಯ ಅಕ್ಕ ಲೆಸಿಯೆಲಿ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ, ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ನಾವು ಟೋಂಗಾ ದ್ವೀಪದಿಂದ ಇಲ್ಲಿಗೆ ಬಂದವರು. ನಮ್ಮಲ್ಲಿ ಗಂಡನ ಅಕ್ಕ ಅಂದರೆ ಇಡೀ ಮನೆತನಕ್ಕೆ ದೊಡ್ಡವರು. ಅವರು ಹೇಳಿದ್ದೇ ಕೊನೆ ಮಾತು. ಅದರಲ್ಲೂ ತಮ್ಮನಾದವನು ಅಕ್ಕನ ಮೈ ಮುಟ್ಟೋ ಹಾಗಿಲ್ಲ, ಮೈಕೈ ನೋವಿನ ವಿಷಯ ಬಾಯಿಬಿಟ್ಟು ಕೇಳೋ ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಾವು ಇಷ್ಟು ದಿನ ಯಾಕೆ ಪೆದ್ದರ ಹಾಗೆ ಇದ್ದೆವು ಅನ್ನೋದು ನಿಮಗೆ ಅರ್ಥ ಆಗಲ್ಲ.

ಹೋದ ವರ್ಷದ ಸೆಪ್ಟೆಂಬರ್ ರಜೆಯಲ್ಲಿ ನಾವು ಪಾರ್ಕಿಗೆ ಹೋದಾಗ ಅತ್ತಿಗೆಯೂ ಬಂದಿದ್ದರು. ಬೆಳಿಗ್ಗೆ ನಗುನಗುತ್ತಾ ಇದ್ದರು. ಆಮೇಲೆ ಮಾತು ಕಡಿಮೆ ಆಯ್ತು. ಮಧ್ಯಾಹ್ನ ಒಂದು ಆಟದ ಸಾಲಿನಲ್ಲಿ ನಿಂತಿದ್ದೆವು. ಮೆಲೆನೈತೆ ಅವರ ಕೈ ಹಿಡಿದು, "ಅತ್ತೆ, ಇದಾದ ಮೇಲೆ ಅದಕ್ಕೆ ಹೋಗೋಣ, ಆಮೇಲೆ ಆಚೆದಕ್ಕೆ" ಅಂತಿದ್ದಳು.

ಅತ್ತಿಗೆ ಕೈ ಕೊಡವಿಕೊಂಡರು. "ಸಾಕು ಮಾಡು. ನಡೀರಿ ಮನೆಗೆ."

ಅಷ್ಟೇ. ಯಾಕೆ ಅಂತ ಯಾರೂ ಕೇಳಲಿಲ್ಲ, ಕೇಳೋ ಪದ್ಧತಿಯೂ ಇಲ್ಲ. ದಾರಿಯುದ್ದಕ್ಕೂ ಕಾರಲ್ಲಿ ಒಂದು ಮಾತಿಲ್ಲ. ಅವರ ಮನೆ ಮುಂದೆ ನಿಲ್ಲಿಸಿದರೆ, ಇಳಿದು ತಿರುಗಿಯೂ ನೋಡದೆ ಒಳಗೆ ಹೋದರು.

ಅವತ್ತಿನಿಂದ ನಮಗೆ ಒಂದೇ ಯೋಚನೆ. ಅವರಿಗೆ ಸಿಟ್ಟು ಬಂದಿದ್ದು ಯಾತಕ್ಕೆ?

"ಊಟಕ್ಕೆ ಮುಂಚೆ ಪ್ರಾರ್ಥನೆ ಅಕ್ಕನೇ ಮಾಡಬೇಕಿತ್ತು, ನಾನು ಶುರುಮಾಡಿಬಿಟ್ಟೆ. ಅದಕ್ಕೇ ಇರಬೇಕು" ಅಂದ ಕೆಲೆಪಿ.

"ಅಲ್ಲ, ಚಿಪ್ಸ್ ಮೊದಲು ಅವರಿಗೆ ಕೊಡದೆ ಮಗೂಗೆ ಕೊಟ್ಟೆನಲ್ಲ, ಅದಕ್ಕೆ" ಅಂದೆ ನಾನು.

ಎಷ್ಟೋ ದಿನದ ಮೇಲೆ ಮೆಲೆನೈತೆ ಪಾತ್ರೆ ಒರೆಸುತ್ತಾ ಕೇಳಿದಳು, "ನನ್ನ ಚಡ್ಡಿ ಗಿಡ್ಡ ಇತ್ತು ಅಂತಾನಾ ಅಮ್ಮಾ?"

ನೋಡನೋಡುತ್ತಾ ಗೊಂದಲ ಹೆಚ್ಚಾಯ್ತು. ಚರ್ಚಿನ ಹಾಡಿನ ತಂಡದಲ್ಲಿ ಮುಂದೆ ನಿಂತು ಹಾಡುತ್ತಿದ್ದ ಅತ್ತಿಗೆ ತಂಡ ಬಿಟ್ಟು, ಬಾಗಿಲ ಹತ್ತಿರ ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ನಾವಿರೋ ಕಡೆಗೆ ಬರೋದೇ ಇಲ್ಲ. ಒಂದು ದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದರೆ, ಗೋಡೆ ಹಿಡಿದು ನಿಧಾನಕ್ಕೆ ಬಂದು ಬಾಗಿಲು ತೆಗೆದರು, ಮುಖ ಕಿವುಚಿಕೊಂಡಿತ್ತು. ಅಯ್ಯೋ ಪಾಪ, ವಯಸ್ಸಾಯ್ತು ಅಂದುಕೊಂಡೆ. ಅದೇ ದಿನ ಹತ್ತು ಗಂಟೆಗೆ ಅಂಗಡಿಯಲ್ಲಿ ನೋಡಿದರೆ ಗಾಡಿ ತಳ್ಳಿಕೊಂಡು ಬಿರಬಿರನೆ ನಡೀತಿದ್ದಾರೆ. ಹಾಗಾದರೆ ಬೆಳಿಗ್ಗೆ ನನ್ನನ್ನು ನೋಡಿದ್ದಕ್ಕೇ ಆ ಮುಖವಾ?

ಮುಂದಿನ ರಜೆ ಬಂತು, ಹೋಯ್ತು. ಮೆಲೆನೈತೆ ಪಾರ್ಕಿನ ಸುದ್ದಿಯನ್ನೇ ಎತ್ತಲಿಲ್ಲ. "ಅತ್ತೆಗೆ ನಾನು ಬೇಡ, ನನಗೆ ಪಾರ್ಕೂ ಬೇಡ" ಅಂದಳು. ಅವಳು ಹುಟ್ಟಿದಾಗ ಹೆಸರಿಟ್ಟಿದ್ದೇ ಆ ಅತ್ತೆ. ಕೆಲೆಪಿ ಅವತ್ತು ಊಟ ಮಾಡಲಿಲ್ಲ.

"ಹೋಗಿ ತಪ್ಪು ಒಪ್ಪಿಕೊಳ್ಳೋಣ" ಅಂದ.

"ಯಾವ ತಪ್ಪು?"

"ಅದು ಅಲ್ಲಿ ಹೋದ ಮೇಲೆ ಗೊತ್ತಾಗುತ್ತೆ."

ಶನಿವಾರ ಮಧ್ಯಾಹ್ನ ಹೊರಟೆವು. ಕೆಲೆಪಿ ನಮ್ಮ ಕಡೆ ಮರ್ಯಾದೆಗೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡ, ಸಾವಿಗೋ ಮದುವೆಗೋ ಹೋಗುವ ಹಾಗೆ. ನಾನು ಕಾಣಿಕೆಗೆ ಅಂತ ಒಳ್ಳೆಯ ಕೇದಿಗೆ ಗರಿಯ ಚಾಪೆ ಒಂದನ್ನು ಮಡಿಸಿ ಹೊತ್ತೆ. ಕೆಸುವಿನ ಎಲೆಯಲ್ಲಿ ಮಾಂಸ, ತೆಂಗಿನ ಹಾಲು ಹಾಕಿ ಬೇಯಿಸಿದ ಅಡುಗೆ ಮೆಲೆನೈತೆಯ ಕೈಯಲ್ಲಿ. ಅತ್ತಿಗೆ ನೆಲದ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದರು. ಪಕ್ಕದ ಮನೆಯ ಕಾರ್ಮೆಲ್ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಕಾರ್ಮೆಲ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪಾದದ ಚಿಕಿತ್ಸೆ ಮಾಡುವವರು. ಅದು ನಮಗೂ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು.

ನಾವು ಮೂವರೂ ಅತ್ತಿಗೆಯ ಎದುರು ತಲೆ ತಗ್ಗಿಸಿ ಕೂತೆವು. ಅತ್ತಿಗೆಯ ಮುಖ ಬಿಳಿಚಿಕೊಂಡಿತು.

"ಯಾರು ಹೋದ್ರು?" ಅಂದರು.

"ಯಾರೂ ಹೋಗಿಲ್ಲ ಅಕ್ಕ. ನಮ್ಮಿಂದ ತಪ್ಪಾಗಿದೆ. ಕ್ಷಮಿಸಬೇಕು."

"ಏನು ತಪ್ಪು?"

ಕೆಲೆಪಿ ನನ್ನ ಕಡೆ ನೋಡಿದ. ನಾನು ಚಾಪೆ ಕಡೆ ನೋಡಿದೆ.

"ಪಾರ್ಕಿನಲ್ಲಿ ಆಯ್ತಲ್ಲ ಅಕ್ಕ, ಅದು."

"ಪಾರ್ಕಿನಲ್ಲಿ ಏನು ಮಾಡಿಕೊಂಡ್ರಿ? ಕದ್ದಿರಾ?"

"ಇಲ್ಲ ಅಕ್ಕ."

"ಮಗು ಏನಾದ್ರೂ ಮಾಡಿಕೊಂಡಿದ್ಯಾ? ಫುಸಿ, ನೀನು ಹೇಳು."

"ನೀವೇ ಹೇಳಬೇಕು ಅತ್ತಿಗೆ, ನಾವೇನು ಮಾಡಿದೆವು ಅಂತ" ಅಂದೆ.

ಅವರು ನಮ್ಮನ್ನು, ನಾವು ಅವರನ್ನು ನೋಡುತ್ತಾ ಕೂತೆವು. ಕಾರ್ಮೆಲ್‌ ಅಂತೂ ಏನೂ ಅರ್ಥವಾಗದೆ ಟೀ ಲೋಟ ಹಿಡಿದುಕೊಂಡೇ ಇದ್ದರು. ಕೊನೆಗೆ ಅತ್ತಿಗೆ, "ನಿಮಗೆಲ್ಲ ಏನೋ ಆಗಿದೆ. ಮೊದಲು ನೀರು ಕುಡೀರಿ" ಅಂತ ಏಳೋಕೆ ಹೋದರು. ಬಲಗಾಲು ಊರಿದ್ದೇ ತಡ, ಉಸಿರು ಒಳಗೆಳೆದುಕೊಂಡು ಗೋಡೆಗೆ ಆತುಬಿಟ್ಟರು. ಬೀನ್ಸ್ ಎಲ್ಲಾ ಚೆಲ್ಲಿತು. ಕೆಲೆಪಿ ಎದ್ದವನು ಮುಟ್ಟಲೂ ಆಗದೆ, ಬಿಡಲೂ ಆಗದೆ ಕೈಚಾಚಿ ನಿಂತ.

"ಏನಿಲ್ಲ, ಏನಿಲ್ಲ. ನಾಲ್ಕು ಹೆಜ್ಜೆ ಹಾಕಿದ್ರೆ ಸರಿ ಹೋಗುತ್ತೆ." ನಾಲ್ಕು ಹೆಜ್ಜೆ ಕುಂಟಿದರು. ನಿಜಕ್ಕೂ ಸರಿ ಹೋಯ್ತು.

ಕಾರ್ಮೆಲ್ ಲೋಟ ಕೆಳಗಿಟ್ಟರು. "ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗಲೂ ಹೀಗೇನಾ ಲೆಸಿಯೆಲಿ?"

"ಆಗ ಇನ್ನೂ ಜಾಸ್ತಿ."

"ನಡೀತಾ ನಡೀತಾ ಕಡಿಮೆ ಆಗಿ, ತುಂಬಾ ಹೊತ್ತು ನಿಂತರೆ ಮತ್ತೆ ಬರುತ್ತಾ?"

"ಬರುತ್ತೆ. ನಿನಗೆ ಹೇಗೆ ಗೊತ್ತು?"

ಮೆಲೆನೈತೆ ತಲೆ ಎತ್ತಿದಳು. "ಅತ್ತೆ, ಅವತ್ತು ಪಾರ್ಕಲ್ಲಿ ಕಾಲು ನೋಯ್ತಿತ್ತಾ?"

ಅತ್ತಿಗೆ ಬಲಗಾಲಿನ ಕಡೆ ನೋಡಿಕೊಂಡರು. "ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ."

"ನನ್ನ ಮೇಲೆ ಸಿಟ್ಟಲ್ವಾ?"

"ನಿನ್ನ ಮೇಲೆ ಯಾತರ ಸಿಟ್ಟು ಕಣೇ? ಬಾಯಿಬಿಟ್ಟರೆ ಎಲ್ಲಿ ಕೂಗಿಬಿಡ್ತೀನೋ ಅಂತ ಹಲ್ಲು ಕಚ್ಚಿಕೊಂಡಿದ್ದೆ."

ಮೆಲೆನೈತೆ ಅಳತೊಡಗಿದಳು. ಅತ್ತಿಗೆಗೆ ಅದೂ ಅರ್ಥವಾಗಲಿಲ್ಲ. "ಕಾಲು ನನ್ನದು, ಅಳೋದು ಇವಳು" ಅನ್ನುತ್ತಾ ಅವಳನ್ನು ಹತ್ತಿರ ಎಳೆದುಕೊಂಡರು.

ಆಮೇಲೆ ಅತ್ತಿಗೆ ಮನಸ್ಸು ಬಿಚ್ಚಿದರು. "ಒಬ್ಬರು ಕೂತ್ಕೋ ಅಂದ್ರು. ಕೂತೆ, ಏಳುವಾಗ ಪ್ರಾಣ ಹೋಯ್ತು. ಇನ್ನೊಬ್ಬರು ನಡಿ ಅಂದ್ರು. ನಡೆದೆ, ಸಂಜೆಗೆ ಕಾಲು ಊರೋಕಾಗಲಿಲ್ಲ. ಹಾಡೋಕೆ ನಿಲ್ಲಲಾರದೆ ತಂಡಾನೂ ಬಿಟ್ಟೆ. ಚರ್ಚಿನಲ್ಲಿ ಒಬ್ಬಳು ಬಿಸಿನೀರು ಅಂದ್ಲು, ಇನ್ನೊಬ್ಬಳು ಐಸು ಅಂದ್ಲು. ನಾನು ಯಾರ ಮಾತು ಕೇಳಲಿ? ಡಾಕ್ಟರ ಹತ್ತಿರ ಹೋದ್ರೆ ತೂಕ ಇಳಿಸು ಅಂತಾರೆ. ನೀನೂ ಅದನ್ನೇ ಹೇಳ್ತೀಯ, ಹೇಳು."

"ತೂಕದ ಮಾತು ನಾನು ಎತ್ತಿಲ್ಲ," ಅಂದರು ಕಾರ್ಮೆಲ್. "ಬಾಗಿಲಲ್ಲಿ ಬಿಟ್ಟಿದ್ದೀರಲ್ಲ, ಆ ಹವಾಯಿ ಚಪ್ಪಲಿ ಮಾತು ಎತ್ತಬೇಕು. ಹಪ್ಪಳದ ಹಾಗೆ ತೆಳ್ಳಗಾಗಿದೆ. ಪಾರ್ಕಿಗೂ ಅದನ್ನೇ ಹಾಕಿಕೊಂಡು ಹೋಗಿದ್ರಾ?"

"ಇನ್ನೇನು ಮದುವೆ ಬೂಟು ಹಾಕಿಕೊಂಡು ಹೋಗಲಾ?"

ಕಾರ್ಮೆಲ್ ನಕ್ಕು, ಅಂಗಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಹಿಮ್ಮಡಿಯಿಂದ ಬೆರಳ ಬುಡದ ತನಕ ಒಂದು ಗಟ್ಟಿ ಪಟ್ಟಿ ಇದೆಯಂತೆ. ಅದಕ್ಕೆ ಮೇಲಿಂದ ಮೇಲೆ ಭಾರ ಬಿದ್ದರೆ ನೋವು ಹಿಡಿಯುತ್ತೆ. ಮಲಗಿದಾಗ, ಕೂತಾಗ ಬಿಗಿಯುತ್ತೆ, ಅದಕ್ಕೇ ಎದ್ದ ತಕ್ಷಣದ ಹೆಜ್ಜೆ ಅಷ್ಟು ಚುಚ್ಚೋದು. ಪೂರ್ತಿ ಕೂತರೂ ಆಗಲ್ಲ, ಒಂದೇ ದಿನ ಊರೆಲ್ಲ ಸುತ್ತಿದರೂ ಆಗಲ್ಲ.

"ಸಕ್ಕರೆ ಕಾಯಿಲೆ ಇದೆಯಾ?"

"ಇದೆ. ಮಾತ್ರೆ ತಗೋತೀನಿ."

"ಹಾಗಾದ್ರೆ ಕಾಲಿನ ನೋವು ಮುಚ್ಚಿಡೋ ಹಾಗೇ ಇಲ್ಲ. ಬೇರೆ ಏನೂ ಇಲ್ಲ ಅಂತ ಮೊದಲು ನೋಡಬೇಕು. ಸೋಮವಾರ ಕೇಂದ್ರಕ್ಕೆ ಬನ್ನಿ."

ಅತ್ತಿಗೆ ಹೋದರು, ಆದರೆ ನಂಬಿಕೆಯಿಂದಲ್ಲ. ನೋಡಿದ್ದರಲ್ಲಿ ಬೇರೆ ತೊಂದರೆ ಏನೂ ಇರಲಿಲ್ಲ. "ಕಾಲು ನೋವಿಗೆ ಟವೆಲ್ ಎಳೆಯೋಕೆ ಹೇಳ್ತಾಳೆ ಅವಳು" ಅಂತ ಬಂದು ನಗಾಡಿದರು. ಬೆಳಿಗ್ಗೆ ಹಾಸಿಗೆಯಿಂದ ಇಳಿಯೋ ಮುಂಚೆ ಪಾದಕ್ಕೆ ಟವೆಲ್ ಕೊಟ್ಟು ಮೆಲ್ಲಗೆ ತಮ್ಮ ಕಡೆ ಎಳೆದುಕೊಳ್ಳಬೇಕು. ಗೋಡೆಗೆ ಕೈಕೊಟ್ಟು ನಿಂತು ಮೀನಖಂಡ ಹಿಗ್ಗಿಸಬೇಕು. ಸಂಜೆ ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅಂಗಾಲಿನ ಕೆಳಗೆ ಉರುಳಿಸಬೇಕು. ಮನೆಯೊಳಗೂ ಬರಿಗಾಲು ಬೇಡ, ಹಿಮ್ಮಡಿಗೆ ಮೆತ್ತೆ ಇರುವ ಶೂ ಬೇಕು. ಜೊತೆಗೆ ದಿನಾ ಸ್ವಲ್ಪ ನಡಿಗೆ. ಮೆಲೆನೈತೆ ಶಾಲೆಯಿಂದ ಬಂದವಳೇ ಅತ್ತೆಯನ್ನು ಕರೆದುಕೊಂಡು ಹೊರಡುತ್ತಿದ್ದಳು. ಮೊದಮೊದಲು ಬೀದಿ ತುದಿಯ ತನಕ, ಆಮೇಲೆ ಹಳ್ಳದ ಸೇತುವೆ ತನಕ.

ನಡುವೆ ಒಂದು ಸಲ ಹುಮ್ಮಸ್ಸಿನಲ್ಲಿ ಅಂಗಡಿ ತನಕ ಹೋಗಿ ಬಂದು ಮತ್ತೆ ಮಂಚ ಹಿಡಿದರು. "ನೋಡು, ಎಲ್ಲಾ ಸುಳ್ಳು" ಅಂತ ಶೂ ಎಸೆದರು. ಕಾರ್ಮೆಲ್ ಬಂದು, "ಕಾಲಿಗೆ ರೂಢಿ ಆಗೋ ಮುಂಚೆ ನೀವು ಹಾರಿಬಿಟ್ರಿ. ನಾಲ್ಕು ದಿನ ಕಡಿಮೆ ನಡೆದು ಮತ್ತೆ ನಿಧಾನಕ್ಕೆ ಹೆಚ್ಚಿಸಿ" ಅಂದರು. ಆ ಶೂ ಮತ್ತೆ ಕಾಲಿಗೆ ಹತ್ತಿಸೋಕೆ ಮೆಲೆನೈತೆಗೆ ಸಾಕುಸಾಕಾಯ್ತು.

ಸೆಪ್ಟೆಂಬರ್ ಬಂತು. ಅತ್ತಿಗೆಯೇ ಹೇಳಿದರು, "ಪಾರ್ಕಿಗೆ ಹೋಗೋಣ."

ಕಾರ್ಮೆಲ್ ಬೇಲಿಯಾಚೆಯಿಂದ ಎಚ್ಚರಿಕೆ ಕೊಟ್ಟರು. "ಅವತ್ತೇ ಹೊಸ ಶೂ ಹಾಕಬೇಡಿ, ಪಳಗಿದ್ದೇ ಹಾಕಿ. ಇನ್ನೊಂದು ಜೊತೆ ಕಾಲುಚೀಲ ಇಟ್ಕೊಳ್ಳಿ. ನೋವು ಬಂದ ಮೇಲೆ ಕೂರೋದಲ್ಲ, ಬರೋ ಮುಂಚೆ ಕೂರಬೇಕು. ಸಾಲಲ್ಲಿ ಕೆಲೆಪಿ ನಿಲ್ಲಲಿ, ನೀವು ನೆರಳಲ್ಲಿ ಕೂತಿರಿ. ಎಲ್ಲಾ ಆಟಾನೂ ನೋಡಲೇಬೇಕು ಅಂತಿಲ್ಲ. ಗೇಟಲ್ಲಿ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತೆ."

"ನಾನಿನ್ನೂ ಸತ್ತಿಲ್ಲ" ಅಂದರು ಅತ್ತಿಗೆ.

ಪಾರ್ಕಿನಲ್ಲಿ ಬೆಳಿಗ್ಗೆಯೆಲ್ಲಾ ಹೇಳಿದ ಹಾಗೇ ನಡೆದುಕೊಂಡೆವು. ಊಟವಾದ ಮೇಲೆ ಜನರ ನಡುವೆ ಹೋಗುತ್ತಿದ್ದಾಗ ಅತ್ತಿಗೆ ಗಕ್ಕನೆ ನಿಂತರು. ಅದೇ ಮುಖ. ಕೆಲೆಪಿ ಆಗಲೇ ಜೇಬಿನಲ್ಲಿ ಕಾರಿನ ಕೀಲಿ ಹುಡುಕುತ್ತಿದ್ದ.

"ಹೆದರಬೇಡಿ," ಅಂದರು ಅತ್ತಿಗೆ. "ಸಿಟ್ಟಲ್ಲ. ಹಿಮ್ಮಡಿ ನೋಯ್ತಿದೆ."

ಯಾರೂ ಕೇಳದೆ ಅವರೇ ಇಂಥ ಮಾತು ಹೇಳಿದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಕೆಲೆಪಿ ನೆಲ ನೋಡುತ್ತಾ ನಿಂತವನು ಸರಕ್ಕನೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಬಂದು ಅಕ್ಕನ ಮುಂದೆ ನಿಲ್ಲಿಸಿ, ಬೇರೆ ಕಡೆ ಮುಖ ಮಾಡಿ ನಿಂತ.

ಅತ್ತಿಗೆ ಅದನ್ನೇ ನೋಡಿದರು. "ಚರ್ಚಿನೋರು ಯಾರಾದ್ರೂ ಕಂಡರೆ?"

"ಕೈ ಬೀಸಿ, ಅತ್ತೆ" ಅಂದಳು ಮೆಲೆನೈತೆ.

ಅತ್ತಿಗೆ ಕೂತರು. ಕೂತ ಮೇಲೆ, ಎಡಕ್ಕೆ ಹೋಗು, ಬಲಕ್ಕೆ ಹೋಗು, ಅಷ್ಟು ಜೋರಾಗಿ ತಳ್ಳಬೇಡ ಅಂತ ತಮ್ಮನಿಗೆ ಒಂದೇ ಸಮನೆ ಅಪ್ಪಣೆ. ಸುಧಾರಿಸಿಕೊಂಡ ಮೇಲೆ ಎದ್ದು ಸ್ವಲ್ಪ ನಡೆದರು, ಮತ್ತೆ ಕೂತರು. ಅವತ್ತು ನಾವು ಹೊರಗೆ ಬಂದಾಗ ಪಾರ್ಕಿನವರು ಗೇಟು ಮುಚ್ಚುತ್ತಿದ್ದರು.

ನೋವು ಪೂರ್ತಿ ಹೋಗಿದೆ ಅಂತ ನಾನು ಹೇಳಲ್ಲ. ಈಗಲೂ ಕೆಲವು ಬೆಳಿಗ್ಗೆ ಚುಚ್ಚುತ್ತೆ. ಆದರೆ ಹೋದ ವರ್ಷ ಕಾರಲ್ಲಿ ಮಾತಿಲ್ಲದೆ ಕೂತವರು ಈಗ ಮುಂಚೆಯೇ ಹೇಳಿಬಿಡುತ್ತಾರೆ.

ಪಾರ್ಕಿಗೆ ಹೋಗಿ ಬಂದ ಮುಂದಿನ ಮಂಗಳವಾರ ಚರ್ಚಿನ ಹೆಂಗಸರ ಕೂಟದಲ್ಲಿ ಅತ್ತಿಗೆ ಎದ್ದು ನಿಂತು ಕೇಳಿದರು. "ಬೆಳಿಗ್ಗೆ ಎದ್ದು ಹೆಜ್ಜೆ ಇಟ್ಟ ತಕ್ಷಣ ಯಾರ ಯಾರ ಹಿಮ್ಮಡಿ ನೋಯುತ್ತೆ?" ಮೊದಲು ಪಾದ್ರಿಯವರ ಹೆಂಡತಿ ಕೈ ಎತ್ತಿದರು. ಅವರ ಹಿಂದೆಯೇ ಬಿಸಿನೀರು ಹೇಳಿದ್ದವಳು, ಐಸು ಹೇಳಿದ್ದವಳು. ಆಮೇಲೆ ಅರ್ಧ ಕೋಣೆಯೇ ಕೈ ಎತ್ತಿತು. ಇಷ್ಟು ದಿನ ಎಲ್ಲರೂ ಅಕ್ಕಪಕ್ಕದಲ್ಲೇ ಕೂತು, ಒಬ್ಬೊಬ್ಬರೇ ಹಲ್ಲು ಕಚ್ಚಿಕೊಂಡಿದ್ದರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವೂ ಈ ರಜೆಯಲ್ಲಿ ಮಕ್ಕಳ ಜೊತೆ ಹೊರಡುವವರಿದ್ದೀರಿ. ಇವತ್ತಿನಿಂದಲೇ ದಿನಾ ಸ್ವಲ್ಪ ಸ್ವಲ್ಪ ನಡೆದು ಕಾಲು ಪಳಗಿಸಿ. ಒಳ್ಳೆಯ ಶೂ ಹಾಕಿ, ನೋಯೋ ಮುಂಚೆ ಕೂರಿ, ಕುರ್ಚಿ ಬೇಕಾದರೆ ನಾಚದೆ ಕೇಳಿ. ಕಾಲು ಊದಿದರೆ, ಮರಗಟ್ಟಿದರೆ, ಗಾಯ ಮಾಯದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಂತೂ ಪಾದದ ಯಾವ ನೋವನ್ನೂ ಮುಚ್ಚಿಡಬೇಡಿ. ಎಲ್ಲಕ್ಕಿಂತ ಮೊದಲು, ನೋಯುತ್ತಿದ್ದರೆ ನೋಯುತ್ತಿದೆ ಅಂತ ಮನೆಯವರಿಗೆ ಹೇಳಿ. ನೀವು ಸುಮ್ಮನಿದ್ದರೆ ನಿಮ್ಮ ಮಗು ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತೆ.