ನಡುಗೋಡೆ ಏಳುವ ಮೊದಲು

ನಾಲ್ಕು ಜನ ಸೇರಿದಲ್ಲಿ ರೇಣುವಿನ ಬಾಯಿ ಕಟ್ಟುತ್ತಿತ್ತು. ಎಂ.ಎಸ್ಸಿ. ಸೆಮಿನಾರನ್ನು ಕೂಡ ಅವಳು ಅಡುಗೆಮನೆಯಲ್ಲಿ, ಬದನೆಕಾಯಿ ಹೆಚ್ಚುತ್ತಿದ್ದ ಅವ್ವನಿಗಷ್ಟೇ ಒಪ್ಪಿಸುತ್ತಿದ್ದಳು.

“ಬ್ಯಾಕ್ಟೀರಿಯಾ ಅಂದ್ರ ಒಂದ ಖೋಲಿ ಮನಿ ಅನ್ನವ್ವಾ. ಒಳಗ ಬಳಿ ಹಂಗ ದುಂಡಗ ಒಂದ ದಾರ, ಕ್ರೋಮೋಸೋಮು. ವಂಶದ್ದೆಲ್ಲಾ ಅದರಾಗ ಬರದಿರತದ. ಮನಿ ಎರಡಾಗೂ ಮುಂದ ಅದರದೊಂದು ನಕಲು ಆಗತದ. ಆಗ್ತಾ ಆಗ್ತಾನ ಒಂದು ಈ ತುದಿಗೆ, ಒಂದು ಆ ತುದಿಗೆ ಸರೀತಾವ. ಆಮ್ಯಾಲೆ ನಡುವ ಗೋಡಿ.”

“ಅದಕ್ಕೂ ಮೊದಲ ಗೋಡಿ ಎದ್ರ?” ಎಂದಳು ಶಿವಗಂಗವ್ವ.

“ಏಳಾಕ ಬಿಡೂದಿಲ್ಲ. ದಾರ ನಡುವ ಇರೂತನಕ ಗೋಡಿ ತಡಿಯೂ ಪ್ರೋಟೀನ್ ಇರತದ.”

“ನಮ್ಮನ್ಯಾಗ ಅಂಥಾದ್ದೊಂದು ಹುಟ್ಟಲಿಲ್ಲ ನೋಡು.”

ಧನಕವಡಿಯ ಆ ಮನೆಯ ಪಡಸಾಲೆಯಲ್ಲಿ ಗೌಂಡಿ ತಾಯಪ್ಪ ಆಗಲೇ ಮೊಣಕಾಲೆತ್ತರಕ್ಕೆ ಇಟ್ಟಿಗೆ ಕಟ್ಟಿದ್ದ. ರೇಣುವಿನ ಅಣ್ಣಂದಿರು ಬಸವಪ್ರಭು, ಮಾಂತು ಜಗಳವಿಲ್ಲದೆ ಬೇರೆಯಾಗುತ್ತಿದ್ದರು. ಪಾತ್ರೆ, ಕಪಾಟು, ಟಿ.ವಿ. ಎಲ್ಲ ನಗುನಗುತ್ತಲೇ ಹಂಚಿಕೆಯಾಗಿದ್ದವು. ಉಳಿದದ್ದು ದೇವರು. ಮುತ್ತಜ್ಜನ ಕಾಲದ ಎರಡು ಬೆಳ್ಳಿ ತಗಡು: ಒಂದರ ಮೇಲೆ ಮೈಲಾರಲಿಂಗ, ಇನ್ನೊಂದರ ಮೇಲೆ ಅವನ ಹೆಂಡತಿ ಮಾಳವ್ವ.

“ದೇವರು ನನಗ, ದೇವಿ ಮಾಂತುಗ. ಮುಗೀತಲ್ಲ?” ಬಸವಪ್ರಭು ನ್ಯಾಯ ಹೇಳಿದ.

ಶಿವಗಂಗವ್ವ ಬದನೆಕಾಯಿ ಹಿಡಿದೇ ಹೊರಗೆ ಬಂದಳು. “ಗಂಡಾ ಹೆಂಡ್ತೀನ ಅಗಲಸ್ತೀಯೇನಲೇ? ನಿನ್ನ ಹೆಂಡ್ತೀನ ಇವತ್ತ ತವರಿಗೆ ಕಳಸ್ಲೇನು?”

ತಾಯಪ್ಪ ಕರಣೆಯ ಮರೆಯಲ್ಲಿ ನಕ್ಕ.

“ಹಂಗಾರ ಇಬ್ಬರೂ ನನ್ನ ಕಡೆ ಇರಲಿ. ಅಣ್ಣಾ ಹೊಸಾವು ಮಾಡಿಸಿಕೊಳ್ಳಲಿ,” ಎಂದ ಮಾಂತು.

“ಹಿರೇಮಗಗ ಹೊಸಾ ದೇವರಾ? ನಾ ಏನ ದತ್ತಕ ಬಂದೀನೇನೋ?”

ಅಷ್ಟು ದಿನ ಏಳದಿದ್ದ ಜಗಳ ಆಗ ಎದ್ದಿತು. ಹಳೆಯ ದೇವರಿದ್ದದ್ದೇ ಮೂಲಮನೆ, ಇನ್ನೊಂದು ಬರೀ ಬಿಡಾರ ಎಂಬುದು ಇಬ್ಬರ ಸಂಕಟ. ಶಿವಗಂಗವ್ವ ಸೀದಾ ಹೋಗಿ ಅರೆಗೋಡೆಯ ಮೇಲೆ ಕೂತುಬಿಟ್ಟಳು. “ಇದು ತೀರೂತನಕ ಒಂದ ಇಟ್ಟಂಗಿ ಏರಂಗಿಲ್ಲ.”

ಬಾಗಿಲಲ್ಲಿ ನಿಂತ ರೇಣುವಿಗೆ ನಗು ಬಂತು. ಗೋಡೆ ತಡೆಯುವ ಪ್ರೋಟೀನು ಇಳಕಲ್ ಸೀರೆ ಉಟ್ಟು ಕೂತಿತ್ತು! ಆ ನಗುವಿನಲ್ಲೇ ದಾರದ ಉಳಿದ ಪಾಠವೂ ನೆನಪಾಯಿತು.

“ಪೂರಾ ಹಳೇದು ಯಾರಿಗೂ ಬ್ಯಾಡ,” ಎಂದಳು. ತನ್ನ ದನಿಗೆ ತಾನೇ ಬೆಚ್ಚಿದಳು. ಎಲ್ಲರೂ ತಿರುಗಿ ನೋಡಿದರು. ಇನ್ನು ನಿಲ್ಲಿಸುವಂತಿರಲಿಲ್ಲ. “ಬ್ಯಾಕ್ಟೀರಿಯಾದ ದಾರದಾಗ ಎರಡ ಎಳಿ ಇರತಾವ. ಎರಡೂ ಬಿಚ್ಚಿ, ಒಂದೊಂದ ಹಳೇ ಎಳಿಗೆ ಒಂದೊಂದ ಹೊಸಾ ಎಳಿ ಕೂಡತದ. ನಾವೂ ಎರಡ ಹೊಸಾ ತಗಡು ಮಾಡಸೂಣು. ಹಳೇ ಮೈಲಾರಲಿಂಗಗ ಹೊಸಾ ಮಾಳವ್ವ, ಹಳೇ ಮಾಳವ್ವಗ ಹೊಸಾ ಮೈಲಾರಲಿಂಗ. ಆಗ ಯಾವ ಮನಿ ಮೂಲದ್ದು, ಹೇಳ್ರಿ ನೋಡೂಣು?”

“ಎರಡೂ,” ಎಂದ ಬಸವಪ್ರಭು. ಮಾಂತು ತಲೆಯಾಡಿಸಿದ.

“ಅಕ್ಕಾರು ಬರೋಬರಿ ಹೇಳ್ಯಾರ್ರಿ,” ಎಂದ ತಾಯಪ್ಪ.

ಶಿವಗಂಗವ್ವ ಮಾತ್ರ ಮೇಲೇಳಲಿಲ್ಲ. “ಹಳೇ ಮಾಳವ್ವಗ ಹೊಸಾ ಗಂಡನೇನ?”

“ಗಂಡ ಅವನ ಅಲ್ಲೇನವ್ವಾ, ಅಂಗಿ ಅಷ್ಟ ಹೊಸಾದು,” ಎಂದಳು ರೇಣು. “ಜೇಜುರಿಗೆ ಒಯ್ದು ಭೆಟ್ಟಿ ಮಾಡಿಸಿದ್ರ ಎಲ್ಲಾ ಅವನ.”

ಜೇಜುರಿಯ ಖಂಡೋಬಾ ಎಂದರೆ ಇವರ ಮೈಲಾರಲಿಂಗನೇ. ಹೊಸ ತಗಡನ್ನು ಅವನಿಗೆ ಮುಟ್ಟಿಸಿ ತಂದರೆ ಅದೂ ಮನೆದೇವರೇ. ಶಿವಗಂಗವ್ವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. “ಹೌದು ಬಿಡು,” ಎಂದಳು.

ಮುಂದಿನ ಭಾನುವಾರ ಎಲ್ಲರೂ ಜೇಜುರಿಯಿಂದ ತಲೆತುಂಬ ಭಂಡಾರದ ಅರಿಸಿನ ಹೊತ್ತು ಮರಳಿದರು. ಪಡಸಾಲೆಯ ಎರಡೂ ತುದಿಯಲ್ಲಿ ದೇವರ ಜಗಲಿ ಸಿದ್ಧವಾಗಿತ್ತು. ಅಣ್ಣತಮ್ಮಂದಿರು ಒಂದೊಂದು ಜೋಡಿ ದೇವರನ್ನು ಹಿಡಿದು ನಡುವೆ ನಿಂತರು.

“ಇಬ್ಬರೂ ಒಮ್ಮೆಗೇ ಸರೀರಿ. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ,” ಎಂದಳು ಅವ್ವ.

ಒಬ್ಬ ಈ ತುದಿಗೆ, ಒಬ್ಬ ಆ ತುದಿಗೆ ನಡೆದರು. ದೇವರು ಕೂತರು.

“ಇನ್ನ ಏರಸಪ್ಪಾ ತಾಯಪ್ಪಾ, ನಿನ್ನ ಗೋಡಿ.”

“ಏ ತಡೀ ತಡೀ,” ಆಚೆಯಿಂದ ಮಾಂತು ಕೂಗಿದ. “ಅಣ್ಣಾ, ದೀಪಾ ಹಚ್ಚಬೇಕು, ಕಡ್ಡಿಪೆಟ್ಟಿಗೀ ಕೊಡೋ.”

ಬಸವಪ್ರಭು ಕಡ್ಡಿಪೆಟ್ಟಿಗೆಯನ್ನು ಅರೆಗೋಡೆಯ ಮೇಲಿಂದ ಎಸೆದ.