ಯಾಕೂಬಕಾಕಾನ ಗುಡಿಸಲು

"ನೀ ನರೋಣಾದ ರೇವಮ್ಮನ ಮಗಳಲ್ಲೇನಬೇ?"

ಯಾಕೂಬಸಾಬ ಹೀಗೆ ಕೇಳಿದಾಗ ಶಿವಕಾಂತಾ ಕಂಪನಿಯ ಕೆಲಸವನ್ನೇ ಮರೆತಳು. ಇಲ್ಲಿಯ ಸಕ್ಕರೆ ಕೊಳ್ಳುವ ಬಿಸ್ಕತ್ತಿನ ಕಂಪನಿ ಅವಳನ್ನು ಚೌಡಾಪುರದ ಹತ್ತಿರದ ಈ ಕಬ್ಬಿನ ಹೊಲಕ್ಕೆ ಕಳಿಸಿತ್ತು. ಕಡಿಯುವವರಲ್ಲಿ ಯಾರನ್ನಾದರೂ ಬಲವಂತದಿಂದ ಇಟ್ಟುಕೊಂಡಿದ್ದಾರೆಯೇ ಎಂದು ವಿಚಾರಿಸಬೇಕಿತ್ತು. ಆರಾಮ ಇದ್ದೇವೆಂದು ಎಲ್ಲರೂ ಗಿಳಿಪಾಠ ಒಪ್ಪಿಸಿದ್ದರು. ಪುಟ್ಟ ಮಗಳೊಬ್ಬಳಿದ್ದ ಬಾಳಮ್ಮ ಎಂಬಾಕೆ ಮಾತ್ರ, ಗಂಡ ಕಾಮಾಲೆಯಾಗಿ ನೆಲೋಗಿಯಲ್ಲಿ ಮಲಗಿದ್ದಾನೆ, ತಾನು ಹೋಗಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿದ್ದಳು.

ಯಾಕೂಬಸಾಬ ಈ ಗ್ಯಾಂಗಿನ ಮುಕಾದಮ, ಮುಂಗಡ ಕೊಟ್ಟು ಊರೂರಿಂದ ಜನ ತರುವವನು. ಶಿವಕಾಂತಾಳ ಅಪ್ಪ ಅವ್ವನನ್ನು ಕಬ್ಬಿಗೆ ತಂದವನೂ ಅವನೇ. ಬಿಳಿಗಡ್ಡದ ಕಾಕಾನನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಚಿಕ್ಕವಳಿದ್ದಾಗ, ಅಪ್ಪ ಒಬ್ಬನೇ ಊರಿಗೆ ಹೋಗಿದ್ದ ಒಂದು ವಾರ ಅವಳು ಕಾಕಾನ ಗುಡಿಸಲಿನಲ್ಲೇ ಇದ್ದಳು. ಅವನ ಹೆಂಡತಿ ಹಮೀದಾಬೇಗಂ ಹಾಲಿನಲ್ಲಿ ರೊಟ್ಟಿ ಕಲಸಿ ತಿನ್ನಿಸುತ್ತಿದ್ದಳು. ಕಾಕಾ ಜಿನ್ನಿನ ಕಥೆ ಹೇಳಿ ಹೆದರಿಸಲು ಹೋಗಿ ತಾನೇ ಮೊದಲು ನಕ್ಕುಬಿಡುತ್ತಿದ್ದ. ಬಾಲ್ಯದಲ್ಲಿ ಅಂಥ ಸುಖದ ವಾರ ಇನ್ನೊಂದಿರಲಿಲ್ಲ. ಆ ಮಾತು ತೆಗೆದರೆ ಅವ್ವ ಮಾತ್ರ ಯಾಕೋ ಎದ್ದು ಹೋಗುತ್ತಿದ್ದಳು.

ಚಹಾ ಕುಡಿಯುತ್ತ ಅವಳು ಬಾಳಮ್ಮನ ವಿಷಯ ಎತ್ತಿದಳು. ಬೀಗವಿಲ್ಲ, ಕಾವಲಿಲ್ಲ, ತಡೆದವರಾರು ಎಂದ ಯಾಕೂಬಸಾಬ. ಅದು ನಿಜವೂ ಆಗಿತ್ತು.

"ನಿಮ್ಮಪ್ಪ ಊರಿಗೆ ಹೋಗ್ತೀನಂದಾಗ ನಾ ಬ್ಯಾಡಂದೆನೇನು? ಹೋದ, ತಿರುಗಿ ಬಂದ."

"ಅವ್ವನೂ ಹೋಗಿಬಿಟ್ಟಿದ್ರ?"

ಅವನು ನಕ್ಕ. "ಹ್ಯಾಂಗ ಹೋಗ್ತಾಳಬೇ? ನೀ ನನ್ನ ಗುಡಿಸಲದಾಗ ಇದ್ದೆಲ್ಲ."

ಆ ವಾರದ ಮಾತಿಗೆ ಅವ್ವ ಯಾಕೆ ಎದ್ದು ಹೋಗುತ್ತಿದ್ದಳೆಂದು ಶಿವಕಾಂತಾಳಿಗೆ ಈಗ ತಿಳಿಯಿತು. ಅವನ ಮಾತಿನಲ್ಲಿ ಕಪಟವಿರಲಿಲ್ಲ, ಅವನು ಕಂಡುಕೊಂಡು ಬಂದ ರೀತಿಯೇ ಅದು. ಅವಳಿಗೆ ಸಿಟ್ಟು ಬಂತು. ಆ ರೊಟ್ಟಿಯ ರುಚಿ ಈಗಲೂ ಬೇಕೆನಿಸುತ್ತದಲ್ಲ ಎಂದು ಅದಕ್ಕಿಂತ ಹೆಚ್ಚು ಅಳು ಬಂತು. ಬಾಳಮ್ಮನ ಮಗು ಎಲ್ಲಿ ಎಂದು ಕೇಳಿದಳು. ಅವನು ಹೆಮ್ಮೆಯಿಂದ ತನ್ನ ಗುಡಿಸಲಿನತ್ತ ಕೈ ತೋರಿಸಿದ.

ಒಳಗೆ ಹಮೀದಾಬೇಗಂ ಮೂರು ವರ್ಷದ ಹುಡುಗಿಯ ತಲೆ ಬಾಚುತ್ತಿದ್ದಳು. ಶಿವಕಾಂತಾ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು.

"ಕಾಕಾ, ಬಾಳಮ್ಮನ್ನ ಕರ್ಕೊಂಡು ಹೋಗ್ತೇನ್ರಿ. ಕಂಪನಿಗೂ ಇದನ್ನ ಹೇಳ್ತೇನ್ರಿ."

ಯಾಕೂಬಸಾಬ ಚಹಾದ ಲೋಟ ನೆಲಕ್ಕಿಟ್ಟ. "ನಾ ನಿನಗ ಏನು ಕಡಿಮಿ ಮಾಡಿದ್ನಬೇ?"

"ಏನೂ ಇಲ್ರಿ ಕಾಕಾ."

ಕರೆದೊಡನೆ ಬಾಳಮ್ಮ ಕಬ್ಬು ಕಡಿಯುವ ಕೊಯ್ತಾ ಅಲ್ಲೇ ಬಿಟ್ಟು ಓಡಿ ಬಂದಳು. ಬಟ್ಟೆಯ ಗಂಟು ತರಲೂ ಹೋಗದೆ ಕಂಪನಿಯ ಜೀಪು ಹತ್ತಿ ಮಗಳನ್ನು ಎದೆಗೆ ಅವಚಿಕೊಂಡಳು. ಜೀಪು ಹೊರಟಾಗ ಮಗು ಹಮೀದಾಬೇಗಂ ಕಡೆ ಎರಡೂ ಕೈ ಚಾಚಿ ಜೋರಾಗಿ ಅಳತೊಡಗಿತು.