ಕಡುಬಡವರ ಗೋಡೆ

"ಏಯ್, ಪುಣ್ಯಾಹ ಆಗಿದೆ ಕಣೇ! ಹೊಸ್ತಿಲು ಯಾಕೆ ತುಳಿದೆ? ಕತ್ತೆಗೆ ಹೇಳಿದ್ರೂ ಅರ್ಥ ಆಗುತ್ತೆ, ನಿಂಗಾಗಲ್ಲ!"

ಸುಂದರಮ್ಮ ಕೂಗಿದ ರಭಸಕ್ಕೆ ಇಂದ್ರಮ್ಮ ಬಣ್ಣದ ಡಬ್ಬದ ಸಮೇತ ಹಿಂದಕ್ಕೆ ಸರಿದಳು. ನಿನ್ನೆಯವರೆಗೆ ಈ ಮನೆಯ ದೇವರ ಕೋಣೆಗೂ ಬಣ್ಣ ಬಳಿದವಳು ಅವಳೇ. ಬೆಳಿಗ್ಗೆ ಪುರೋಹಿತರು ಬಂದು ನೀರು ಚಿಮುಕಿಸಿ ಹೋದದ್ದೇ ತಡ, ಅವಳ ಕಾಲಿಗೆ ಮೈಲಿಗೆ ಅಂಟಿಕೊಂಡಿತ್ತು.

"ಹೊರಗಡೆ ಕಾಂಪೌಂಡ್ ಮುಗಿಸಿ ಹೊರಡು. ಸಂಜೆ ಹೋಮಕ್ಕೆ ದೊಡ್ಡೋರೆಲ್ಲ ಬರ್ತಾರೆ."

ದಟ್ಟಗಳ್ಳಿ ಬಡಾವಣೆಯ ಈ ಹೊಸ ಮನೆ ಸುಂದರಮ್ಮನ ಗಂಡ ಸುಂದರೇಶನದು. ಹಳ್ಳಿಯ ಕಡುಬಡವರನ್ನು ಮೇಲೆತ್ತುವ ಟ್ರಸ್ಟಿನ ಕಾರ್ಯದರ್ಶಿ. ತಾತ ಅರಮನೆಯ ಚಾಕರಿಯಲ್ಲಿ ಉಂಡವರು, ಮೊಮ್ಮಗ ಬಡವರ ಚಾಕರಿಯಲ್ಲಿ ಉಣ್ಣುತ್ತಿದ್ದ. ಇಂದ್ರಮ್ಮನಿಗೆ ಟ್ರಸ್ಟಿನವರು ಮೇಕೆ ಕೊಟ್ಟರು, ನಾಲ್ಕಕ್ಷರ ಕಲಿಸಿದರು. ಅವಳ ಮನೆಯ ಮುಂಗೋಡೆಯ ಮೇಲೆ "ಇದು ಕಡುಬಡವರ ಮನೆ. ನಮ್ಮ ಆಸರೆಯಲ್ಲಿದೆ" ಎಂದು ಬೀದಿಗೆಲ್ಲ ಕಾಣುವಂತೆ ಬರೆಸಿದರು. ಅಳಿಸಿದರೆ ಮೇಕೆ ವಾಪಸ್ ಎಂದೂ ಹೇಳಿದರು. ಮೇಕೆ ಮರಿ ಹಾಕಿ ಹಿಂಡಾಯಿತು, ಸೋಗೆ ಹೋಗಿ ಹೆಂಚು ಬಂತು, ಎರಡು ಹೊತ್ತೂ ಒಲೆ ಉರಿಯಿತು. ಗೋಡೆಯ ಬಡತನ ಮಾತ್ರ ತೀರಲಿಲ್ಲ.

ಹೋದ ತಿಂಗಳು ಮಗಳು ರಕ್ಷಿತಾಳನ್ನು ನೋಡಲು ಬಂದ ಗಂಡಿನವರು ಆ ಗೋಡೆ ಓದಿ, ನೀರೂ ಮುಟ್ಟದೆ ಅಂಗಳದಿಂದಲೇ ತಿರುಗಿ ಹೋದರು. "ಅವ್ವ, ಅದ ಅಳ್ಸು, ಇಲ್ದಿದ್ರೆ ನನ್ನ ಬಾವಿಗ್ ತಳ್ಬುಡು" ಎಂದು ಹುಡುಗಿ ಗೋಳಾಡಿದ್ದಳು. ಬರುವ ಭಾನುವಾರ ಇನ್ನೊಂದು ಗಂಡು ಬರುವುದಿತ್ತು. ಅಷ್ಟರೊಳಗೆ ಅಳಿಸಲು ಸುಂದರೇಶ ಹೂಂ ಎನ್ನಲಿ ಎಂದೇ ಇಂದ್ರಮ್ಮ ಇಲ್ಲಿ ಕೂಲಿಯಿಲ್ಲದೆ ದುಡಿಯುತ್ತಿದ್ದಳು. ಅವನು ಅದಕ್ಕೆ ಸೇವೆ ಎಂದು ಹೆಸರಿಟ್ಟಿದ್ದ.

ರೇಷ್ಮೆ ಪಂಚೆ ಉಟ್ಟು ಸುಂದರೇಶ ಗೇಟಿಗೆ ಬಂದಾಗ ಅವಳು ಕೈ ಮುಗಿದಳು.

"ಸಾಮಿ, ಕಾಂಪೌಂಡು ಮುಗೀತು. ನಮ್ ಗ್ವಾಡೆ ಇಸ್ಯ ಒಸಿ ಯೋಳಿ. ಭಾನ್ವಾರ ಗಂಡ್ನೋರು ಬತ್ತಾವ್ರೆ."

"ಮುಂದಿನ ವಾರ ದಾನಿಗಳು ನಿಮ್ಮೂರು ನೋಡೋಕೆ ಬರ್ತಿದಾರೆ. ಈಗ ಅಳಿಸೋದು ಅಂದ್ರೇನು?"

"ಈಗ ನಾವು ಬಡವ್ರಲ್ಲ ಸಾಮಿ. ಉಂಡುಟ್ಕಂಡು ಚೆಂದಾಗಿವಿ."

"ಥೂ, ಮೆತ್ತಗೆ ಬೊಗಳು! ನೀನು ಬಡವಳಲ್ಲ ಅಂದ್ರೆ ಟ್ರಸ್ಟಿಗೆ ಯಾವನು ಕೊಡ್ತಾನೆ? ಇನ್ನೆರಡು ವರ್ಷ ಬಡವಳಾಗೇ ಇರು."

"ಮಗ್ಳ ಬಾಳು ಸಾಮಿ..."

"ನಿಮ್ಮ ಜನದಲ್ಲಿ ಗಂಡಿಗೇನು ಬರವೇ? ಇವನಲ್ಲ ಅಂದ್ರೆ ಇನ್ನೊಬ್ಬ. ದಾನಿಗಳು ಬಂದಾಗ ಅವಳಿಗೊಂದು ಹರಕು ಸೀರೆ ಉಡಿಸು. ಫೋಟೊ ಚೆನ್ನಾಗಿ ಬರುತ್ತೆ."

ಅವನು ಒಳಗೆ ಹೋದ. ಇಂದ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಇಲ್ಲಿ ಉಂಡವರು ಯಾರು? ಬಡತನ ಅವಳದು, ಉಂಡವರು ಇವರು. ಗೇಟಿಗೆ ಹೊಡೆದು ಉಳಿದಿದ್ದ ಕರಿ ಎಣ್ಣೆಬಣ್ಣಕ್ಕೆ ಬ್ರಷ್ ಅದ್ದಿ, ಈಗಷ್ಟೇ ಬಳಿದು ಮುಗಿಸಿದ್ದ ಗೋಡೆಗೆ ತಿರುಗಿದಳು. ಅಕ್ಷರಗಳು ಕುಡುಕರಂತೆ ವಾಲಿದವು. ವಾಲಿದರೂ ಒಂದೂ ಬೀಳಲಿಲ್ಲ.

ಮೊದಲ ಕಾರು ಬಂದು ನಿಂತಿತು. ಇಳಿದ ಹೆಂಗಸೊಬ್ಬಳು ಗಟ್ಟಿಯಾಗಿ ಓದಿದಳು: "ಈ ಮನೆ ನನ್ನ ಬಡತನ ಮಾರಿ ಕಟ್ಟಿದ್ದು. ಇಂದ್ರಮ್ಮ." ಹಿಂದೆ ಬಂದವರು ಫೋನು ಎತ್ತಿ ಹಿಡಿದರು. ಫೋಟೊ ಚೆನ್ನಾಗಿಯೇ ಬಂದಿರಬೇಕು.

ಗಲಾಟೆ ಕೇಳಿ ಸುಂದರೇಶ ಹೊರಗೆ ಓಡಿಬಂದ. "ಅಯ್ಯೋ ಮುಂಡೇ, ಅಳಿಸೇ!" ಎಂದು ಕಿರುಚಿ, ಹೆಗಲ ಮೇಲಿನ ರೇಷ್ಮೆ ಶಲ್ಯದಿಂದ ತಾನೇ ಉಜ್ಜತೊಡಗಿದ. ಕರಿ ಬಣ್ಣ ಮೊಣಕೈವರೆಗೂ ಹತ್ತಿತು.

"ಎಣ್ಣೆಬಣ್ಣ ಕನ ಸಾಮಿ. ಉಜ್ಜಿದಷ್ಟೂ ಅಂಟ್ತದೆ."

"ನಾಳೆನೇ ನಿನ್ನ ಮೇಕೆ ಎಲ್ಲ ಎಳ್ಕೊಂಡು ಬರ್ತೀನಿ! ಬೀದಿಪಾಲಾಗ್ತೀಯ!"

"ಬಾರ್ಲಾ ಬಡ್ಡೆತ್ತದ್ದೇ! ಆಳ್ ಕಳಸ್ಬ್ಯಾಡ, ನೀನೇ ಬಾ. ಇವತ್ತೇ ಓಗಿ ಆ ಗ್ವಾಡೆ ಕೆರುದ್ ಬಿಸಾಕ್ತೀನಿ. ಕೆರಿಯಾ ಮಚ್ಚು ಕೈಯಾಗೇ ಇರ್ತದೆ, ಮೇಕೆ ಅಗ್ಗಕ್ ಕೈ ಹಾಕ್ ನೋಡು!"

ಬ್ರಷ್ ಅಲ್ಲೇ ಎಸೆದು ಅವಳು ಬಸ್ ನಿಲ್ದಾಣದ ಕಡೆ ನಡೆದಳು. ಯಾರೂ ತಡೆಯಲಿಲ್ಲ. ಬಸ್ಸಿನಲ್ಲಿ ಕೂತು ಬೆರಳಿಗಂಟಿದ ಕರಿ ಬಣ್ಣ ಕೆರೆದಳು. ನಾಳೆ ಮೇಕೆಗಳು ಇರುತ್ತವೋ ಇಲ್ಲವೋ, ಭಾನುವಾರ ಗಂಡು ಬರುತ್ತಾನೋ ಇಲ್ಲವೋ, ಯಾವುದೂ ಗೊತ್ತಿರಲಿಲ್ಲ. ಮಚ್ಚು ಮಸೆಯುವ ಕಲ್ಲನ್ನು ಕೊನೆಯ ಸಲ ಎಲ್ಲಿಟ್ಟಿದ್ದೆ ಎಂದು ಅವಳು ನೆನಪು ಮಾಡಿಕೊಳ್ಳತೊಡಗಿದಳು.